ವಿಷದ ಬಗ್ಗೆ ಕೇಳಿ, ಡಾಕ್ಟರ್ ಉತ್ತರಿಸುತ್ತಾರೆ

ಅಡ್ಮಿನ್: ಈ ವಾರ ನಮ್ಮ ಜೊತೆ ಇರುವವರು ಟಾಕ್ಸಿಕಾಲಜಿ ಡಾಕ್ಟರ್. ವಿಷ ಸೇವನೆ, ಹಾವು ಕಡಿತ, ಮಾತ್ರೆ ಓವರ್‌ಡೋಸ್ ಕೇಸುಗಳನ್ನು ನೋಡುವುದೇ ಇವರ ಕೆಲಸ. ಪ್ರಶ್ನೆಗಳನ್ನು ಕೆಳಗೆ ಹಾಕಿ.

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. "ಎಷ್ಟು ತಿಂದರೆ ಸಾಯುತ್ತಾರೆ" ಅನ್ನೋ ಪ್ರಶ್ನೆಗೆ ನಾನು ಅಂಕಿ ಕೊಡುವುದಿಲ್ಲ. ಮನಸ್ಸು ಕೆಟ್ಟು ಆ ಪ್ರಶ್ನೆ ಬಂದಿದ್ದರೆ ದಯವಿಟ್ಟು ಹತ್ತಿರ ಇರುವವರಿಗೆ ಈಗಲೇ ಹೇಳಿ. ಇನ್ನೊಂದು, ಯಾರಾದರೂ ಈಗಾಗಲೇ ಏನನ್ನಾದರೂ ನುಂಗಿದ್ದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ನಾನು ಉತ್ತರ ಬರೆಯುವುದು ಡ್ಯೂಟಿ ಮುಗಿದ ಮೇಲೆ.

ಬಯಾಲಜಿ ವಿದ್ಯಾರ್ಥಿನಿ: ಮೇಡಂ, ಪಾಯ್ಸನ್, ಟಾಕ್ಸಿನ್, ವೆನಮ್ ಅಂತ ಪುಸ್ತಕದಲ್ಲಿ ಮೂರು ಬೇರೆ ಬೇರೆ ಕೊಟ್ಟಿದ್ದಾರೆ. ವ್ಯತ್ಯಾಸ ಅಷ್ಟು ಮುಖ್ಯವಾ?

ಡಾಕ್ಟರ್: ಪರೀಕ್ಷೆಗೆ ಮುಖ್ಯ. ಜೀವಿಯೊಂದು ತಯಾರಿಸಿದ್ದು ಟಾಕ್ಸಿನ್. ಹಲ್ಲಿನಿಂದಲೋ ಕೊಂಡಿಯಿಂದಲೋ ಒಳಗೆ ಚುಚ್ಚುವುದು ವೆನಮ್. ಪಾಯ್ಸನ್ ಎಲ್ಲಕ್ಕೂ ಸಲ್ಲುವ ಹೆಸರು. ಸೀಸ, ಸಯನೈಡ್ ಕೂಡ ಅದರಲ್ಲಿ ಬರುತ್ತವೆ. ಆದರೆ ಜೀವಿಗಳು ಈ ಪಟ್ಟಿ ನೋಡಿಕೊಂಡು ನಡೆಯುವುದಿಲ್ಲ. ಜಪಾನಿನಲ್ಲಿ ಒಂದು ಜಾತಿಯ ಹಾವಿದೆ. ಅದರ ಹಲ್ಲಿನಲ್ಲೂ ವಿಷ. ಜೊತೆಗೆ ವಿಷದ ಕಪ್ಪೆಗಳನ್ನು ತಿಂದು ಆ ವಿಷವನ್ನು ಕತ್ತಿನ ಗ್ರಂಥಿಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಚಿಕಿತ್ಸೆ ಕೊಡುವವರಿಗೆ ಬೇಕಾದದ್ದು ಬೇರೆ ವಿಂಗಡಣೆ. ಅದು ದೇಹದಲ್ಲಿ ಯಾವ ಕೆಲಸವನ್ನು ನಿಲ್ಲಿಸುತ್ತದೆ? ನರದ್ದಾ, ಉಸಿರಿನದ್ದಾ, ರಕ್ತ ಹೆಪ್ಪುಗಟ್ಟುವುದನ್ನಾ, ಲಿವರ್‌ನದ್ದಾ? ಯಾವ ದಾರಿಯಲ್ಲಿ ಒಳಗೆ ಹೋಯಿತು? ಎಷ್ಟು? ಯಾರಿಗೆ? ಈ ನಾಲ್ಕು ಗೊತ್ತಾಗದೆ ಒಂದು ವಸ್ತುವನ್ನು ವಿಷ ಅಥವಾ ವಿಷ ಅಲ್ಲ ಅಂತ ನಾನು ಹೇಳಲಾರೆ.

ಸಂದೇಹಿ: ಎಷ್ಟು ಅನ್ನೋದು ಸರಿ. ಆದರೆ ನೀರೂ ವಿಷ ಅಂತ ಹೇಳಿಬಿಡಬೇಡಿ!

ಡಾಕ್ಟರ್: ಹೇಳಲೇಬೇಕಲ್ಲ ಸರ್. ಪ್ರಮಾಣವೇ ವಿಷವನ್ನು ಮಾಡುತ್ತದೆ ಅಂತ 1538ರಲ್ಲೇ ಪ್ಯಾರಾಸೆಲ್ಸಸ್ ಅನ್ನೋ ಯುರೋಪಿನ ವೈದ್ಯ ವಾದಿಸಿದ್ದ. ಮ್ಯಾರಥಾನ್ ಓಡುವವರು ಬಾಯಾರಿಕೆ ಇಲ್ಲದಿದ್ದರೂ ಲೀಟರ್‌ಗಟ್ಟಲೆ ನೀರು ಕುಡಿದು, ರಕ್ತದಲ್ಲಿ ಸೋಡಿಯಂ ಕುಸಿದು, ಮೆದುಳು ಊದಿಕೊಂಡು ಸತ್ತದ್ದಿದೆ. ದಾರಿಯೂ ಅಷ್ಟೇ ಮುಖ್ಯ. ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಾಣಕ್ಕೆ ಕ್ಯುರಾರೆ ಅನ್ನೋ ಗಿಡದ ವಿಷ ಹಚ್ಚುತ್ತಿದ್ದರು. ಅದು ರಕ್ತಕ್ಕೆ ಹೋದರೆ ಪ್ರಾಣಿಯ ಸ್ನಾಯುಗಳೆಲ್ಲ ಸಡಿಲವಾಗಿ ಉಸಿರು ನಿಲ್ಲುತ್ತದೆ. ಅದೇ ಪ್ರಾಣಿಯ ಮಾಂಸವನ್ನು ಅವರು ತಿನ್ನುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಕರುಳು ಅದನ್ನು ಹೀರಿಕೊಳ್ಳುವುದು ತೀರಾ ಕಡಿಮೆ.

ಸಂದೇಹಿ: ಒಪ್ಪಿದೆ. ಹಾಗಾದರೆ ಎಲ್ಲಕ್ಕಿಂತ ಭಯಂಕರ ಯಾವುದು? ಯಾವುದೋ ಫ್ಯಾಕ್ಟರಿ ಕೆಮಿಕಲ್ ಇರಬೇಕು ಅಲ್ವಾ?

ಡಾಕ್ಟರ್: ಅಲ್ಲ. ನಮಗೆ ಗೊತ್ತಿರುವ ವಿಷಗಳಲ್ಲಿ ಮೊದಲ ಸ್ಥಾನ ಬೊಟುಲಿನಮ್ ಟಾಕ್ಸಿನ್‌ಗೆ. ತಯಾರಿಸುವುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. "ನೈಸರ್ಗಿಕ, ಆದ್ದರಿಂದ ಸೇಫ್" ಅಂತ ಬರೆದ ಡಬ್ಬಿ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನರದ ತುದಿ ಮತ್ತು ಸ್ನಾಯುವಿನ ನಡುವೆ ಬಹಳ ಸಣ್ಣ ಸಂದು ಇದೆ. ಕೈ ಎತ್ತಬೇಕು ಅಂದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಆ ಸಂದಿಗೆ ಬರಬೇಕು. ಆಚೆ ಸ್ನಾಯುವಿನ ಮೇಲಿರುವ ರಿಸೆಪ್ಟರ್ ಅದನ್ನು ಹಿಡಿದಾಗ ಸ್ನಾಯು ಬಿಗಿಯುತ್ತದೆ. ಆಮೇಲೆ ಒಂದು ಎಂಜೈಮ್ ಬಂದು ಅಸಿಟೈಲ್‌ಕೋಲಿನ್ ಅನ್ನು ಒಡೆದು ಜಾಗ ಖಾಲಿ ಮಾಡುತ್ತದೆ. ಇಷ್ಟೇ ವ್ಯವಸ್ಥೆ. ಎಷ್ಟೊಂದು ವಿಷಗಳು ಬಂದು ಕೈ ಹಾಕುವುದು ಇದೇ ಸಣ್ಣ ಜಾಗಕ್ಕೆ.

ಬೊಟುಲಿನಮ್ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ಅಸಿಟೈಲ್‌ಕೋಲಿನ್ ಹೊರಬರಲು ಬೇಕಾದ ಪ್ರೋಟೀನನ್ನು ಕತ್ತರಿಸಿಬಿಡುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಎರಡೆರಡು ಕಾಣುತ್ತದೆ. ಆಮೇಲೆ ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಡಲು ಆಗುವುದಿಲ್ಲ. ಅಷ್ಟು ಹೊತ್ತೂ ಪ್ರಜ್ಞೆ ಸರಿಯಾಗಿಯೇ ಇರುತ್ತದೆ. ನಾಗರಹಾವಿನ ವಿಷದ ಮುಖ್ಯ ಭಾಗ ಎರಡನೇ ಹೆಜ್ಜೆಯಲ್ಲಿ ಅಡ್ಡ ಬರುತ್ತದೆ. ರಿಸೆಪ್ಟರ್ ಮೇಲೆ ತಾನೇ ಕುಳಿತುಬಿಡುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಮೂರನೇ ಹೆಜ್ಜೆ ಹಿಡಿಯುತ್ತದೆ. ಒಡೆಯುವ ಎಂಜೈಮ್ ಕಟ್ಟಿಹಾಕಿದಂತಾಗಿ ಅಸಿಟೈಲ್‌ಕೋಲಿನ್ ತುಂಬಿ ತುಳುಕುತ್ತದೆ. ಬಾಯಿಂದ ಜೊಲ್ಲು, ಕಣ್ಣೀರು, ಬೆವರು, ಭೇದಿ, ಸ್ನಾಯು ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು. ಇಂಥ ರೋಗಿ ಬಂದರೆ ವಾರ್ಡಿಗೆ ಕಾಲಿಡುವಾಗಲೇ ಅರ್ಧ ಗೊತ್ತಾಗಿಬಿಡುತ್ತದೆ. ಇದಕ್ಕೆ ಅಟ್ರೋಪಿನ್ ಕೊಡುತ್ತೇವೆ. ಅಟ್ರೋಪಿನ್ ಕೂಡ ಒಂದು ಗಿಡದ ವಿಷವೇ.

ಹಾಗೆಯೇ ಬೊಟುಲಿನಮ್ ಈಗ ಔಷಧಿಯೂ ಹೌದು. ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸುಕ್ಕು ತೆಗೆಯುವ ಬೊಟಾಕ್ಸ್ ಆಮೇಲಿನ ಕಥೆ.

ಬಯಾಲಜಿ ವಿದ್ಯಾರ್ಥಿನಿ: ಕಟ್ಟುಹಾವಿನ ವಿಷವೂ ನಾಗರದ ಹಾಗೆಯೇನಾ?

ಡಾಕ್ಟರ್: ಎರಡೂ ನರದ ವಿಷವೇ, ಆದರೆ ಕಟ್ಟುಹಾವಿನದ್ದು ಹಟಮಾರಿ. ಅದು ರಿಸೆಪ್ಟರ್ ಅನ್ನಷ್ಟೇ ಮುಚ್ಚಿ ಸುಮ್ನಿರುವುದಿಲ್ಲ. ಈ ಕಡೆ ಬಂದು ನರದ ತುದಿಯನ್ನೇ ಹಾಳು ಮಾಡುತ್ತದೆ. ಹಾಳಾದ ತುದಿಯನ್ನು ಪ್ರತಿವಿಷ ರಿಪೇರಿ ಮಾಡಲಾರದು. ಅದು ಮತ್ತೆ ಬೆಳೆಯುವ ತನಕ ರೋಗಿಯನ್ನು ವೆಂಟಿಲೇಟರ್ ಮೇಲೆ ಕಾಯಬೇಕು. ಇನ್ನೊಂದು ತೊಂದರೆ, ಕಚ್ಚಿದ್ದೇ ಗೊತ್ತಾಗದೆ ಇರಬಹುದು. ರಾತ್ರಿ ನೆಲದ ಮೇಲೆ ಮಲಗಿದವರು ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗುತ್ತಿಲ್ಲ ಅಂತ ಬಂದರೆ, ಗಾಯ ಕಾಣದಿದ್ದರೂ ನಾವು ಹಾವಿನ ಬಗ್ಗೆ ಯೋಚಿಸುತ್ತೇವೆ. ಮಂಡಲದ ಹಾವಿನದ್ದು ಬೇರೆಯೇ ದಾರಿ. ರಕ್ತ ಹೆಪ್ಪುಗಟ್ಟುವ ಸಾಮಗ್ರಿಯನ್ನೆಲ್ಲ ಖರ್ಚು ಮಾಡಿಸಿ, ಆಮೇಲೆ ರಕ್ತ ನಿಲ್ಲದ ಹಾಗೆ ಮಾಡುತ್ತದೆ. ಕಿಡ್ನಿಗೂ ಏಟು ಬೀಳುತ್ತದೆ.

ಕುತೂಹಲಿ: ಮುಂಗುಸಿಗೆ ವಿಷ ಏರುವುದಿಲ್ಲ ಅನ್ನುತ್ತಾರಲ್ಲ, ನಿಜಾನಾ?

ಡಾಕ್ಟರ್: ಅರ್ಧ ನಿಜ. ಮುಂಗುಸಿಯ ಆ ರಿಸೆಪ್ಟರ್‌ನ ಆಕಾರವೇ ಸ್ವಲ್ಪ ಬದಲಾಗಿದೆ. ಹಾಗಾಗಿ ನಾಗರದ ನರವಿಷ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಪಫರ್ ಮೀನು ತನ್ನದೇ ಟೆಟ್ರೊಡೊಟಾಕ್ಸಿನ್‌ನಿಂದ ಸಾಯದೆ ಇರುವುದೂ ಇದೇ ತರಹದ ಬದಲಾವಣೆಯಿಂದ. ಆದರೆ ಮುಂಗುಸಿಗೆ ಎಲ್ಲ ವಿಷದಿಂದಲೂ ರಕ್ಷಣೆ ಇಲ್ಲ. ಅದು ಗೆಲ್ಲುವುದು ಮುಖ್ಯವಾಗಿ ಚುರುಕಿನಿಂದ, ಕಚ್ಚಿಸಿಕೊಳ್ಳದೆ.

ಎರಡು ಬೆಕ್ಕಿನ ಯಜಮಾನಿ: ಮೇಡಂ, ಬೆಕ್ಕಿಗೆ ಜ್ವರ ಬಂದಿದೆ. ನಾವು ನುಂಗುವ ಪ್ಯಾರಸಿಟಮಾಲ್ ಸಣ್ಣ ಚೂರು ಕೊಡಬಹುದಾ?

ಡಾಕ್ಟರ್: ಬೇಡ! ದಯವಿಟ್ಟು ಬೇಡ. ನಮ್ಮ ಲಿವರ್ ಪ್ಯಾರಸಿಟಮಾಲ್‌ಗೆ ಒಂದು ಸಕ್ಕರೆಯಂಥ ಅಣುವನ್ನು ಅಂಟಿಸಿ ಮೂತ್ರಕ್ಕೆ ಕಳಿಸುತ್ತದೆ. ಬೆಕ್ಕಿನ ಲಿವರ್‌ಗೆ ಆ ಕೆಲಸ ಹೆಚ್ಚುಕಡಿಮೆ ಬರುವುದೇ ಇಲ್ಲ. ಮದ್ದು ಬೇರೆ ದಾರಿ ಹಿಡಿದು ರಕ್ತವನ್ನೇ ಕೆಡಿಸುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಉಸಿರು ಕಟ್ಟುತ್ತದೆ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಪಶುವೈದ್ಯರ ಹತ್ತಿರ ಹೋಗಿ.

ಬೆಕ್ಕು ಇರುವ ಮನೆಯಲ್ಲಿ ಲಿಲಿ ಹೂವೂ ಬೇಡ. ಮೈಗೆ ಬಿದ್ದ ಪರಾಗವನ್ನು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ಫಿಟ್ಸ್ ಬರುತ್ತದೆ. ನಾಯಿಗೆ ಚಾಕೊಲೇಟ್ ಆಗದು, ಅದರಲ್ಲೂ ಕಪ್ಪು ಚಾಕೊಲೇಟ್. ಅದರಲ್ಲಿರುವ ಥಿಯೊಬ್ರೊಮಿನ್ ಅರ್ಧ ಇಳಿಯಲು ನಾಯಿಯ ಮೈಯಲ್ಲಿ ಸುಮಾರು 17 ಗಂಟೆ ಬೇಕು. ನಮ್ಮಲ್ಲಿ ಬೇಗ ಇಳಿಯುತ್ತದೆ.

ಒಂದು ಜೀವಿಗೆ ಮದ್ದು, ಇನ್ನೊಂದಕ್ಕೆ ವಿಷ ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ರಣಹದ್ದು. 1990ರ ದಶಕದಲ್ಲಿ ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ರಾಶಿ ರಾಶಿ ಸಾಯತೊಡಗಿದವು. ಕೆಲವು ಜಾತಿಗಳಲ್ಲಿ ಶೇ. 95ಕ್ಕೂ ಜಾಸ್ತಿ ಹೋದವು. ರೋಗ ಇರಬೇಕು ಅಂತ ಹುಡುಕಿದರು. 2004ರಲ್ಲಿ ಗೊತ್ತಾದದ್ದು ಡೈಕ್ಲೊಫೆನಾಕ್. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಅದು. ಸತ್ತ ದನದ ಮಾಂಸದಲ್ಲಿ ಉಳಿದಿದ್ದ ಸ್ವಲ್ಪವೇ ಹದ್ದಿನ ಕಿಡ್ನಿಗೆ ಸಾಕಾಗಿತ್ತು.

ಕಾಡು ಸುತ್ತುವವರು: ನಮ್ಮ ಗುಂಪಿನಲ್ಲಿ ಒಬ್ಬರು ಕಾಡಿನ ಅಣಬೆ ತಿಂದು ವಾಂತಿ ಮಾಡಿಕೊಂಡರು. ಮಾರನೇ ದಿನ ಪೂರ್ತಿ ಹುಷಾರಾದರು. ಹುಷಾರಾದ ಮೇಲೆ ಚಿಂತೆ ಇಲ್ಲ ಅಲ್ವಾ?

ಡಾಕ್ಟರ್: ಯಾವಾಗ ವಾಂತಿ ಶುರುವಾಯಿತು? ತಿಂದ ಒಂದೆರಡು ಗಂಟೆಯಲ್ಲಾ, ಆರು ಗಂಟೆ ಕಳೆದ ಮೇಲಾ?

ಕಾಡು ಸುತ್ತುವವರು: ರಾತ್ರಿ ತಿಂದದ್ದು, ಬೆಳಗಿನ ಜಾವ ಶುರುವಾಯಿತು. ತಿಂದು ಎರಡು ದಿನವೂ ಆಗಿಲ್ಲ.

ಡಾಕ್ಟರ್: ಹಾಗಾದರೆ ಅವರನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಲಿವರ್ ಪರೀಕ್ಷೆ ಮಾಡಿಸಿ. ಹುಷಾರಾಗಿದ್ದಾರೆ ಅನ್ನುವುದನ್ನು ನಂಬಬೇಡಿ. ಡೆತ್ ಕ್ಯಾಪ್ ಜಾತಿಯ ಅಣಬೆಗಳ ಅಮಾಟಾಕ್ಸಿನ್ ಹೀಗೇ ಮಾಡುತ್ತದೆ. ಆರು ಗಂಟೆಗೂ ತಡವಾಗಿ ವಾಂತಿ ಭೇದಿ, ಆಮೇಲೆ ಒಂದು ದಿನ ಆರಾಮ, ಆಮೇಲೆ ಲಿವರ್ ಕೈಕೊಡುವುದು. ಜೀವಕೋಶ ಹೊಸ ಪ್ರೋಟೀನ್ ಮಾಡಲು ಬೇಕಾದ ಸಂದೇಶದ ಪ್ರತಿ ತೆಗೆಯುವ ಎಂಜೈಮನ್ನೇ ಅದು ನಿಲ್ಲಿಸುತ್ತದೆ. ಹಳೆಯ ಪ್ರೋಟೀನ್ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಬೇಯಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ.

ನನ್ನ ಅನುಭವದಲ್ಲಿ ಜನ ಮೋಸ ಹೋಗುವುದು ಈ ಆರಾಮದ ದಿನದಲ್ಲೇ. ಪ್ಯಾರಸಿಟಮಾಲ್ ಓವರ್‌ಡೋಸ್‌ನಲ್ಲೂ ಮೊದಲ ದಿನ ಬರೀ ವಾಕರಿಕೆ. ಅಸಿಟೈಲ್‌ಸಿಸ್ಟೀನ್ ಅನ್ನೋ ಪ್ರತಿವಿಷವನ್ನು 8 ಗಂಟೆಯೊಳಗೆ ಕೊಟ್ಟರೆ ಲಿವರ್ ಉಳಿಯುವುದು ಬಹುತೇಕ ಖಚಿತ. ಕಾಮಾಲೆ ಕಾಣಿಸಿದ ಮೇಲೆ ಬಂದರೆ ಆ ಮಾತು ಹೇಳಲಾರೆ. ಕಳ್ಳ ಸಾರಾಯಿಯ ಮೆಥನಾಲ್ ಕೂಡ ಹೀಗೆಯೇ. ಮೊದಲು ಸಾಧಾರಣ ಅಮಲು. ಲಿವರ್ ಅದನ್ನು ಫಾರ್ಮಿಕ್ ಆಸಿಡ್ ಆಗಿ ಬದಲಿಸಿದ ಮೇಲೆ, ಎಷ್ಟೋ ಸಲ ಮರುದಿನ, ಕಣ್ಣು ಮಂಜಾಗುತ್ತದೆ. ಇಲ್ಲಿ ವಿಷ ತಯಾರಾಗುವುದು ನಮ್ಮ ದೇಹದ ಒಳಗೇ.

ಕಾಡು ಸುತ್ತುವವರು: ಹೊರಟಿದ್ದೇವೆ ಮೇಡಂ. ಉಳಿದ ಅಣಬೆ ಫ್ರಿಜ್‌ನಲ್ಲಿದೆ, ತರಬೇಕಾ?

ಡಾಕ್ಟರ್: ಕಾಗದದಲ್ಲಿ ಸುತ್ತಿ ತನ್ನಿ. ಜೊತೆಗೆ ತಿಂದವರೆಲ್ಲರೂ ಬನ್ನಿ, ವಾಂತಿ ಆಗದವರೂ.

ಚಿಕ್ಕ ಮಗುವಿನ ತಂದೆ: ಹಳೆಯ ಮನೆಯ ಪೇಂಟ್‌ನಲ್ಲಿ ಸೀಸ ಇರುತ್ತದೆ ಅಂತ ಓದಿದೆ. ಮಗು ಗೋಡೆಯ ಚಕ್ಕೆ ಬಾಯಿಗೆ ಹಾಕುತ್ತದೆ. ಸ್ವಲ್ಪ ಹೋದರೆ ಪರವಾಗಿಲ್ಲ ಅಂತಾರೆ ಅಪ್ಪ.

ಡಾಕ್ಟರ್: ಸೀಸದ ವಿಷಯದಲ್ಲಿ ಮಕ್ಕಳಿಗೆ ಇಷ್ಟು ಪರವಾಗಿಲ್ಲ ಅನ್ನುವ ಮಟ್ಟ ಇಲ್ಲ. ನಿಮ್ಮ ತಂದೆಯವರು ಹೇಳುವುದು ದೊಡ್ಡವರ ಲೆಕ್ಕ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಅಂದುಕೊಂಡು ಮೂಳೆಗೂ ಮೆದುಳಿಗೂ ಬಿಟ್ಟುಕೊಳ್ಳುತ್ತದೆ. ಮೂಳೆಯಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ವಾಂತಿ, ಭೇದಿ ಅಂತ ಏನೂ ಕಾಣದೆ ಕಲಿಕೆ, ಗಮನ ಕುಗ್ಗುತ್ತದೆ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಗೋಡೆಯನ್ನು ನೀವೇ ಒಣಗಿದ್ದಾಗ ಕೆರೆಯಬೇಡಿ, ಧೂಳು ಇನ್ನೂ ಕೆಟ್ಟದ್ದು. ಸೀಸ ಬೆರೆಸಿದ ಪೆಟ್ರೋಲ್ ವಾಹನಗಳಿಗೆ ಸಿಗುವುದು ಇಡೀ ಜಗತ್ತಿನಲ್ಲಿ ನಿಂತದ್ದು 2021ರಲ್ಲಿ ಅಂದರೆ, ಎಷ್ಟು ತಡ ಮಾಡಿದ್ದೇವೆ ನೋಡಿ.

ಪಾದರಸದ್ದು ಇನ್ನೊಂದು ಪಾಠ. ಜಪಾನಿನ ಮಿನಾಮಾಟಾ ಕೊಲ್ಲಿಗೆ ಒಂದು ಕಾರ್ಖಾನೆ ಮೀಥೈಲ್ ಮರ್ಕ್ಯುರಿ ಅನ್ನೋ ಪಾದರಸದ ಸಂಯುಕ್ತ ಇರುವ ನೀರು ಬಿಡುತ್ತಿತ್ತು. ಅದು ಸಣ್ಣ ಜೀವಿಗಳಿಂದ ಮೀನಿಗೆ, ಮೀನಿನಿಂದ ತಿಂದವರಿಗೆ, ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಾ ಹೋಯಿತು. ಮೊದಲು ಬೆಕ್ಕುಗಳು ತೂರಾಡಿ ಬಿದ್ದು ಸತ್ತವು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ತಾಯಂದಿರಿಗೆ ಅಷ್ಟೇನೂ ಲಕ್ಷಣ ಇಲ್ಲದಿದ್ದರೂ ಹುಟ್ಟಿದ ಮಕ್ಕಳ ಮೆದುಳು ತೀವ್ರವಾಗಿ ಹಾಳಾಗಿತ್ತು.

ಫಿಟ್‌ನೆಸ್ ಪ್ರಿಯ: ಡಿಟಾಕ್ಸ್ ಜ್ಯೂಸ್ ಕುಡಿದರೆ ಇವೆಲ್ಲ ಹೊರಗೆ ಹೋಗುತ್ತವಾ?

ಡಾಕ್ಟರ್: ಹೋಗುವುದಿಲ್ಲ. ರುಚಿಗೆ ಕುಡಿಯಿರಿ.

ಅಜ್ಜಿಯ ಮೊಮ್ಮಗ: ಯಾರಾದರೂ ಏನಾದರೂ ಕುಡಿದುಬಿಟ್ಟರೆ ಉಪ್ಪುನೀರು ಕೊಟ್ಟು ವಾಂತಿ ಮಾಡಿಸು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಾರೆ. ಸರಿನಾ?

ಡಾಕ್ಟರ್: ಅಜ್ಜಿಯ ಕಾಲದಲ್ಲಿ ಡಾಕ್ಟರುಗಳೂ ಅದನ್ನೇ ಮಾಡಿಸುತ್ತಿದ್ದರು. ಈಗ ಬಿಟ್ಟಿದ್ದೇವೆ. ಆಸಿಡ್ ಕುಡಿದವರು ವಾಂತಿ ಮಾಡಿದರೆ ಅನ್ನನಾಳ ಎರಡನೇ ಸಲ ಸುಡುತ್ತದೆ. ಸೀಮೆಎಣ್ಣೆ ಕುಡಿದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿದ್ದಾಗಿನದಕ್ಕಿಂತ ಅಲ್ಲೇ ಅಪಾಯ ಜಾಸ್ತಿ. ಉಪ್ಪುನೀರಿನಿಂದಲೇ ಸೋಡಿಯಂ ಏರಿ ಸತ್ತವರಿದ್ದಾರೆ. ಬಾಯಲ್ಲಿ ಉಳಿದದ್ದನ್ನು ಉಗಿಸಿ. ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಮೈ ತೊಳೆಯಿರಿ, ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಪ್ರಜ್ಞೆ ಮಂಕಾಗಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಟಲಿಯನ್ನೋ ಮಾತ್ರೆಯ ಸ್ಟ್ರಿಪ್ಪನ್ನೋ ಜೊತೆಗೆ ತನ್ನಿ. ಹಾವು ಕಚ್ಚಿದ್ದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಮೂರೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಇಟ್ಟು ಕರೆತನ್ನಿ.

ಅಜ್ಜಿಯ ಮೊಮ್ಮಗ: ಇದ್ದಿಲು ಪುಡಿ? ಆಸ್ಪತ್ರೆಯಲ್ಲೂ ಕೊಡುತ್ತಾರಂತೆ.

ಡಾಕ್ಟರ್: ಅದು ಒಲೆಯ ಇದ್ದಿಲಲ್ಲ. ಆಕ್ಟಿವೇಟೆಡ್ ಚಾರ್ಕೋಲ್ ಅಂತ, ವಿಷ ಅಂಟಿಕೊಳ್ಳುವ ಹಾಗೆ ಅಸಂಖ್ಯ ಸಣ್ಣ ರಂಧ್ರ ಮಾಡಿದ ಪುಡಿ. ಅದೂ ಸಾಮಾನ್ಯವಾಗಿ ಮೊದಲ ಒಂದು ಗಂಟೆಯೊಳಗೆ ಕೊಟ್ಟರೇ ಜಾಸ್ತಿ ಉಪಯೋಗ. ಕಬ್ಬಿಣ, ಲಿಥಿಯಂ, ಮೆಥನಾಲ್ ಅದಕ್ಕೆ ಅಂಟುವುದಿಲ್ಲ. ಮಂಪರಿನಲ್ಲಿರುವವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ಪ್ರಯತ್ನ ಮಾಡಬೇಡಿ.

ಕಾಡು ಸುತ್ತುವವರು: ಮೇಡಂ, ಆಸ್ಪತ್ರೆಗೆ ಬಂದೆವು. ರಕ್ತ ತೆಗೆದುಕೊಂಡಿದ್ದಾರೆ. ಅವರನ್ನು ಅಡ್ಮಿಟ್ ಮಾಡಿಕೊಂಡರು.

ಡಾಕ್ಟರ್: ಒಳ್ಳೆಯದಾಯಿತು. ಲಿವರ್ ರಿಪೋರ್ಟ್ ಒಂದು ಸಲ ಸರಿ ಬಂತು ಅಂತ ಮನೆಗೆ ಹೊರಟುಬಿಡಬೇಡಿ. ಅದನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ತಿಂದದ್ದು ಎಷ್ಟು ಗಂಟೆಗೆ, ವಾಂತಿ ಶುರುವಾದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಸರಿಯಾಗಿ ಹೇಳಿ. ಅವರು ಬೇಕು ಅಂದರೆ ನನ್ನ ಜೊತೆ ಮಾತಾಡಲಿ, ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ.