ಹಳೇ ಬೀಟಲ್‌ಗೆ ಯಾವ ಫ್ಯಾನ್ ಶ್ರೌಡ್ ಹಾಕಿಸಲಿ?

ಕಡಿಯಾಳಿ ಬೀಟಲ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಉಂಟು, 1500 ಎಂಜಿನ್. ಅಪ್ಪನ ಗಾಡಿ, ಮಾರುವ ಮಾತೇ ಇಲ್ಲ. ಇಲ್ಲಿನ ಉಪ್ಪುಗಾಳಿಗೆ ಫ್ಯಾನ್ ಶ್ರೌಡ್‌ನ (ಫ್ಯಾನ್ ಗಾಳಿಯನ್ನು ಎಂಜಿನ್ ಮೇಲೆ ಹಾಯಿಸುವ ತಗಡಿನ ಕವಚ) ಕೆಳಗಿನ ಅಂಚು ಪೂರಾ ತುಕ್ಕು ಹಿಡಿದಿದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತದೆ. ಕಳೆದ ತಿಂಗಳು ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವಾಗ ಅರ್ಧ ದಾರಿಯಲ್ಲೇ ಎಂಜಿನ್ ಸೋತಿತು. ಬದಿಗೆ ನಿಲ್ಲಿಸಿದರೆ ಆಯಿಲ್ ಲೈಟ್ ಮಿಣಮಿಣ ಅನ್ನುತ್ತಿತ್ತು. ಈಗ ಹಳೇ ಮಾದರಿಯದ್ದೇ ಹೊಸ ಶ್ರೌಡ್ ತಗೊಳ್ಳಲಾ, ಆಯಿಲ್ ಕೂಲರ್‌ಗೆ ಬೇರೆ ಗೂಡಿರುವ ಡಾಗ್‌ಹೌಸ್ ಶ್ರೌಡ್‌ಗೆ ಹೋಗಲಾ, ಇಲ್ಲಾ ಕ್ರೋಮ್‌ದು ಹಾಕಲಾ? ಕ್ರೋಮ್‌ದು ನೋಡಲು ಚಂದ, ರೇಟೂ ಕಡಿಮೆ.

ಏರ್‌ಕೂಲ್ಡ್ ಕುಡ್ಲ
ಡಾಗ್‌ಹೌಸ್‌ಗೇ ಹೋಗಿ. ನಿಮ್ಮ ಎಂಜಿನ್‌ನಲ್ಲಿ ಆಯಿಲ್ ಕೂಲರ್ ಶ್ರೌಡ್ ಒಳಗೇ, ಎಡಗಡೆ ನಿಂತಿರುತ್ತದೆ, ಸರಿಯಾಗಿ 3ನೇ ಸಿಲಿಂಡರ್ ಮೇಲೆ. ಫ್ಯಾನ್ ಗಾಳಿ ಮೊದಲು ಕೂಲರ್ ದಾಟಿ, ಅಲ್ಲೇ ಬಿಸಿಯಾಗಿ, ಆಮೇಲೆ ಆ ಸಿಲಿಂಡರ್‌ಗೆ ಬೀಳುತ್ತದೆ. ಅದಕ್ಕೇ 3ನೆಯದು ಯಾವಾಗಲೂ ಜಾಸ್ತಿ ಕಾಯುವುದು. 1971ರ ಮಾಡೆಲ್‌ನಲ್ಲಿ ಕಂಪನಿಯವರೇ ಕೂಲರನ್ನು ಗಾಳಿಯ ದಾರಿಯಿಂದ ಹಿಂದಕ್ಕೆ ಸರಿಸಿ ಅದಕ್ಕೊಂದು ಬೇರೆ ಗೂಡು ಮಾಡಿದರು, ಫ್ಯಾನನ್ನೂ ಅಗಲ ಮಾಡಿದರು.

ಆದರೆ ಬರೀ ಶ್ರೌಡ್ ತಂದರೆ ಆಗಲಿಕ್ಕಿಲ್ಲ ಮಾರಾಯ್ರೆ. ಕೂಲರ್, ಅದನ್ನು ಎಂಜಿನ್ ಕೇಸಿಗೆ ಕೂರಿಸುವ ಅಡಾಪ್ಟರ್, ಅಗಲದ ಫ್ಯಾನ್, ಮತ್ತೆ ಕೂಲರ್‌ನ ಬಿಸಿಗಾಳಿಯನ್ನು ಹೊರಗೆ ಕಳಿಸುವ ತಗಡು, ಎಲ್ಲ ಒಟ್ಟಿಗೆ ಬೇಕು. ಆ ತಗಡು ಬಿಟ್ಟರೆ ಬಿಸಿಗಾಳಿ ಎಂಜಿನ್ ಬೇ (ಎಂಜಿನ್ ಕೂರುವ ಜಾಗ) ಒಳಗೆ ಬಂದು, ಅದನ್ನೇ ಫ್ಯಾನ್ ಮತ್ತೆ ಎಳೆಯುತ್ತದೆ. ಇನ್ನೊಂದು, ನಿಮ್ಮ ಕೇಸ್‌ನ ಆಯಿಲ್ ತೂತು 8 ಮಿ.ಮೀ., ಆಮೇಲಿನ ಕೂಲರ್‌ದು 10. ಎರಡು ಅಳತೆಯ ತೂತು ಜೋಡಿಸುವ ಸ್ಟೆಪ್ ಸೀಲ್ ಹಾಕದಿದ್ದರೆ ಆಯಿಲ್ ಸೋರುತ್ತದೆ.

ಮಲ್ಪೆ ರೋಡ್
ಕ್ರೋಮ್‌ದಕ್ಕೆ ದುಡ್ಡು ಕೊಡುವ ಮೊದಲು ಕೆಳಗಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಒರಿಜಿನಲ್‌ನಲ್ಲಿ ಬಗ್ಗಿಸಿದ ತಗಡಿನ ಪಟ್ಟಿಗಳಿರುತ್ತವೆ, ನಾಲ್ಕೂ ಸಿಲಿಂಡರ್‌ಗೆ ಗಾಳಿ ಪಾಲು ಮಾಡುವುದೇ ಅವು. ಅಗ್ಗದ್ದು ಎಷ್ಟೋ ಸಲ ಒಳಗೆ ಬರೀ ಖಾಲಿ ಡಬ್ಬ. ನಮ್ಮ ಕರಾವಳಿಯಲ್ಲಿ ಕ್ರೋಮ್ ಒಮ್ಮೆ ಎದ್ದರೆ ಅದರಡಿ ತುಕ್ಕು ನುಗ್ಗುವುದಕ್ಕೆ ಒಂದು ಮಳೆಗಾಲ ಸಾಕು. ತೆಳ್ಳಗೆ ಕಪ್ಪು ಪೇಂಟ್ ಹೊಡೆದದ್ದೇ ಒಳ್ಳೇದು. ಹೀಟರ್ ಬಾಕ್ಸ್ ತೆಗೆಸಿದ್ದೀರಾ? ಹಾಗಾದರೆ ಹೀಟರ್ ಪೈಪಿನ ಬಾಯಿ ಇಲ್ಲದ ಶ್ರೌಡ್ ಕೇಳಿ. ಆ ಬಾಯಿ ತೆರೆದೇ ಇದ್ದರೆ ಎಂಜಿನ್‌ಗೆ ಹೋಗಬೇಕಾದ ಗಾಳಿ ಸುಮ್ನೆ ಹೊರಗೆ ಹೋಗುತ್ತದೆ.

ಹಳೇ ಮೆಕ್ಯಾನಿಕ್
ಯಾವುದೇ ಹಾಕಿ, ಸುತ್ತಲಿನ ಸೀಲ್ ನೋಡದೆ ಬಿಡಬೇಡಿ. ಸ್ಪಾರ್ಕ್ ಪ್ಲಗ್ ವಯರಿನ ರಬ್ಬರ್, ಎಂಜಿನ್ ಬೇ ಅಂಚಿನ ರಬ್ಬರ್, ಸಿಲಿಂಡರ್‌ಗಳ ಅಡಿಯಲ್ಲಿ ಕಚ್ಚಿಸುವ ಆ ಸಣ್ಣ ತಗಡು. ಈ ತಗಡನ್ನು ಎಂಜಿನ್ ಬಿಚ್ಚಿದವರು ಎಲ್ಲೋ ಬಿಸಾಡಿರುತ್ತಾರೆ, ನಾನೇ ಎಷ್ಟೋ ಗಾಡಿಯಲ್ಲಿ ಕಂಡಿದ್ದೇನೆ. ಅದಿಲ್ಲದೆ ಗಾಳಿ ಸಿಲಿಂಡರ್‌ನ ಮೇಲ್ಭಾಗ ಮಾತ್ರ ಮುಟ್ಟಿ ಜಾರಿಹೋಗುತ್ತದೆ. ಬೆಲ್ಟ್ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿ.ಮೀ. ತಗ್ಗಬೇಕು, ಅದಕ್ಕಿಂತ ಜಾಸ್ತಿ ಸಡಿಲ ಬೇಡ. ಥರ್ಮೋಸ್ಟಾಟ್, ಅದು ಆಡಿಸುವ ಗಾಳಿಯ ಫ್ಲಾಪ್ ನಮ್ಮ ಸೆಕೆಗೆ ಎಂತಕ್ಕೆ ಅಂತ ಕಿತ್ತು ಹಾಕುತ್ತಾರೆ, ಬೇಡ. ಅದು 65–70 ಡಿಗ್ರಿಗೆ ತೆರೆಯುತ್ತದೆ, ಕೆಟ್ಟರೂ ತೆರೆದೇ ನಿಲ್ಲುತ್ತದೆ. ಗಾಡಿ ತುಂಬ ದಿನ ಶೆಡ್‌ನಲ್ಲಿ ನಿಂತಿತ್ತಾ? ಶ್ರೌಡ್ ಬಿಚ್ಚಿದ ಕೂಡಲೇ ಕೂಲರ್ ನೋಡಿ, ಇಲಿ ಗೂಡು ಕಟ್ಟಿರುತ್ತದೆ.

ಕಡಿಯಾಳಿ ಬೀಟಲ್
ಇವತ್ತು ಬಿಚ್ಚಿಸಿದೆವು. ಕೂಲರ್‌ನ ಸಂದುಗಳಲ್ಲಿ ತೆಂಗಿನ ನಾರು, ಹರಿದ ಪೇಪರ್, ಎರಡು ಮುಷ್ಟಿ ಬಂತು! ಅಡಿಯ ತಗಡು ಎಡಗಡೆ ಇಲ್ಲವೇ ಇಲ್ಲ. ಅಂಗಡಿಗೆ ಹೋಗಿ ಕ್ರೋಮ್‌ದರ ಒಳಗೂ ಟಾರ್ಚ್ ಬಿಟ್ಟು ನೋಡಿದೆ, ಒಂದು ಪಟ್ಟಿಯೂ ಇಲ್ಲ, ಬೇಡ ಅಂದೆ. ಡಾಗ್‌ಹೌಸ್ ಪೂರಾ ಸೆಟ್ ಹೇಳಿದ್ದೇನೆ. ಸ್ಟೆಪ್ ಸೀಲ್ ಬರುವುದು ಕೇಸಿಗೂ ಅಡಾಪ್ಟರ್‌ಗೂ ನಡುವೆ ಅಲ್ವಾ?

ಏರ್‌ಕೂಲ್ಡ್ ಕುಡ್ಲ
ಹೌದು, ಅಲ್ಲೇ. ಮೇಲೆ ಕೂಲರ್‌ಗೆ ಮಾಮೂಲಿ 10ರದ್ದು. ಬಿಗಿ ಮಾಡಿದ ಮೇಲೆ ಶ್ರೌಡ್ ಕೂರಿಸುವ ಮೊದಲು ಅಡಾಪ್ಟರ್ ಬುಡದಲ್ಲಿ ಆಯಿಲ್ ಪಸೆ ಇದೆಯಾ ಅಂತ ಕೈಯಿಟ್ಟು ನೋಡಿ.