ಹಳೆ ಸ್ಕೂಟರಿನ ಸಾಮಾನು ಚೌಕಟ್ಟಿಗೆ ಹೆಸರು: ಹೇರು, ಹೊರೆ, ಮಣೆ, ಕಂಟಲೆ – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ತಿಪಟೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಪ್ಪನ ಹಳೆ ಚೇತಕ್‌ಗೆ ಸಾಮಾನು ಹೇರಲು ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದೆ. ದುಡ್ಡು ಕೊಟ್ಟು ಚೀಟಿ ಕೇಳಿದೆ. ಮೇಸ್ತ್ರಿ ಪೆನ್ನು ಹಿಡಿದು, "ಇದನ್ನ ಏನಂತ ಬರೀಲಿ ಮೇಷ್ಟ್ರೇ?" ಅಂದರು. "ಕ್ಯಾರಿಯರ್ ಅಂತ ಬರೀರಿ" ಅಂದೆ. "ಕ್ಯಾರಿಯರ್ ಅಂದ್ರೆ ಸೈಕಲ್ದು. ಇಲ್ಲಾ ಊಟದ್ದು. ಇದು ಬೇರೇನೇ ಐತಲ್ಲ" ಎಂದು ಸ್ವಲ್ಪ ಹೊತ್ತು ಯೋಚನೆ ಮಾಡಿ, ಕೊನೆಗೆ "ಸ್ಕೂಟರ್ ಕಬ್ಣದ ಕೆಲ್ಸ" ಎಂದು ಬರೆದುಕೊಟ್ಟರು. ಆ ಚೀಟಿ ಈಗಲೂ ನನ್ನ ಮೇಜಿನ ಮೇಲಿದೆ. ಅದೇ ಈ ಪತ್ರಕ್ಕೆ ಕಾರಣ.

ನಮ್ಮೂರಲ್ಲಿ ಹಳೆ ಸ್ಕೂಟರುಗಳನ್ನು ಬಿಡದೆ ಓಡಿಸುತ್ತಿರುವವರು ಐದಾರು ಮಂದಿ ಇದ್ದೇವೆ. ನಾಲ್ಕು ಚೇತಕ್, ಒಂದು ಬಜಾಜ್ ಸೂಪರ್, ಒಂದು ಲ್ಯಾಂಬ್ರೆಟ್ಟಾ. ಎಲ್ಲರಿಗೂ ಸಾಮಾನು ಸಾಗಿಸುವ ಕೆಲಸ ಇದ್ದೇ ಇರುತ್ತದೆ. ತೋಟದಿಂದ ಕಾಯಿ, ಡೇರಿಗೆ ಹಾಲು, ಅಂಗಡಿಯಿಂದ ಹಿಂಡಿ ಬೂಸಾ. ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕೈಯಾರೆ ಏನಾದರೂ ಮಾಡಿಕೊಂಡಿದ್ದಾರೆ. ಅದನ್ನೆಲ್ಲ ಅಳತೆ ಸಮೇತ ಕನ್ನಡದಲ್ಲಿ ಬರೆದಿಡೋಣ, ಮುಂದೆ ಮಾಡಿಸುವವರಿಗೆ ಉಪಯೋಗಕ್ಕೆ ಬರಲಿ ಎಂದು ಕೂತೆ. ಎರಡನೇ ಸಾಲಿಗೇ ಪದಗಳ ತೊಡಕು ಶುರುವಾಯಿತು.

ವಸ್ತು ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಚೇತಕ್‌ನಲ್ಲಿ ಸೀಟಿನ ಹಿಂದೆ ಸ್ಟೆಪ್ನಿ ಕೂರುತ್ತದೆ. ಅದನ್ನು ಹಿಡಿದಿಡುವ ಬೋಲ್ಟುಗಳಿಗೇ ಎರಡು ದಪ್ಪ ಪಟ್ಟಿ ಕಟ್ಟಿ, ಅವುಗಳ ಮೇಲೆ ಆ್ಯಂಗಲ್ ತುಂಡುಗಳಿಂದ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಚೌಕ ಕೂರಿಸಿದ್ದೇವೆ. ನಡುವೆ ನಾಲ್ಕು ಅಡ್ಡ ಸರಳು. ಅಂಚಿಗೆ ಎರಡು ಬೆರಳು ಎತ್ತರದ ತಡೆ. ಎಲ್ಲ 8 ಎಂಎಂ ಬೋಲ್ಟು, 13ರ ಸ್ಪಾನರ್ ಒಂದಿದ್ದರೆ ಹತ್ತು ನಿಮಿಷದಲ್ಲಿ ಕಳಚಬಹುದು. ಪಂಕ್ಚರ್ ಆದ ದಿನ ಸ್ಟೆಪ್ನಿ ತೆಗೆಯಲು ಬರಬೇಕಲ್ಲ.

ಈಗ ಹೆಸರಿನ ವಿಚಾರ. ನನ್ನ ಮೊದಲ ಕರಡಿನಲ್ಲಿ "ಹೊರೆ ಚೌಕಟ್ಟು" ಎಂದು ಬರೆದಿದ್ದೆ. ಓದಿದಾಗ ಕಿವಿಗೆ ಹಿಡಿಸಲಿಲ್ಲ. ಯಾಕೆ ಎಂದು ಹುಡುಕುತ್ತ ಹೋದಾಗ ಹೊರು ಮತ್ತು ಹೇರು ಎಂಬ ಎರಡು ಕ್ರಿಯಾಪದಗಳ ನಡುವಿನ ಗೆರೆ ಕಣ್ಣಿಗೆ ಬಿತ್ತು. ಹೊರುವವನು ತಾನೇ ಹೊರುತ್ತಾನೆ. ಹೇರುವವನು ಇನ್ನೊಂದರ ಮೇಲೆ ಇಡುತ್ತಾನೆ. ತಲೆಹೊರೆ, ಹುಲ್ಲಿನ ಹೊರೆ, ಸೌದೆ ಹೊರೆ, ಇವೆಲ್ಲ ಮನುಷ್ಯನ ಮೈಗೆ ಅಂಟಿದ ಮಾತುಗಳು. ಹೇರು ಎನ್ನುವುದು ಎತ್ತಿನ ಬೆನ್ನಿಗೆ, ಗಾಡಿಗೆ, ಲಾರಿಗೆ ಸೇರಿದ್ದು. ತೆರಿಗೆಯನ್ನು ಜನರ ಮೇಲೆ ಹೇರುತ್ತಾರೆ ಎನ್ನುವಾಗಲೂ ಅದೇ ಚಿತ್ರ: ಮೇಲಿನವನು ಇಡುತ್ತಾನೆ, ಕೆಳಗಿನದು ತಾಳಿಕೊಳ್ಳುತ್ತದೆ. ಹಳಗನ್ನಡದಲ್ಲಿ ಎರಡಕ್ಕೂ ಪಕಾರವಿತ್ತು, ಎರಡೂ ಹಕಾರಕ್ಕೆ ತಿರುಗಿದವು, ಆದರೆ ಕೆಲಸ ಹಂಚಿಕೊಂಡೇ ಉಳಿದವು. ಲಂಬಾಣಿಗಳು ಉಪ್ಪು, ದವಸ ಸಾಗಿಸುತ್ತಿದ್ದ ಕಾಲದ ಎತ್ತನ್ನು ಹೇರೆತ್ತು ಎನ್ನುತ್ತೇವೆ, ಹೊರೆಯೆತ್ತು ಎನ್ನುವುದಿಲ್ಲ.

ಹಾಗಿದ್ದರೆ ಸ್ಕೂಟರಿಗೆ ಹೇರು ಎಂಬುದೇ ಸಲ್ಲುವ ಪದ. ನಾವು ಹೇರುತ್ತೇವೆ, ಅದು ಹೊರುತ್ತದೆ. ಇಷ್ಟು ನನಗೆ ಖಚಿತವಾಗಿದೆ, ಒಪ್ಪದವರು ದಯವಿಟ್ಟು ತಿದ್ದಿ.

ಆದರೆ ಹೇರು ಎಂದರೆ ಇಡುವ ಕ್ರಿಯೆಯೂ ಹೌದು, ಇಟ್ಟ ಸರಕೂ ಹೌದು. ಇಡುವ ಜಾಗಕ್ಕೆ ಏನೆನ್ನಬೇಕು? ಇಲ್ಲಿ ನನಗೆ ಹೊಳೆದದ್ದು ಅಡುಗೆಮನೆಯ ಪದ. ತುರಿಮಣೆ, ಈಳಿಗೆಮಣೆ, ಶ್ಯಾವಿಗೆಮಣೆ. ಆಟದ ಅಳಗುಳಿಮಣೆ, ಮದುವೆಯ ಹಸೆಮಣೆ. ಕೆಲಸ ನಡೆಯುವ ಗಟ್ಟಿ ಹಲಗೆಗೆಲ್ಲ ಕನ್ನಡ ಮಣೆ ಎಂದು ಕರೆದಿದೆ. ಕೆಲವಕ್ಕೆ ನಾಲ್ಕು ಕಾಲು, ಕೆಲವಕ್ಕೆ ಎರಡು ಪಟ್ಟಿ, ಕೆಲವು ಬರೀ ಹಲಗೆ. ತುರಿ ಎಂಬ ಕ್ರಿಯೆಗೆ ಮಣೆ ಸೇರಿ ತುರಿಮಣೆ ಆದ ಹಾಗೆಯೇ ಹೇರುಮಣೆ. ಸಮಾಸದಲ್ಲಿ ಯಾವ ಎಡವಟ್ಟೂ ಕಾಣುವುದಿಲ್ಲ. ನನ್ನ ಸ್ನೇಹಿತರೊಬ್ಬರು "ಭಾರವಾಹಕ ಫಲಕ" ಎಂದು ಸೂಚಿಸಿದರು. ಅದನ್ನು ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಹೇಳಲು ಬಾಯಿ ಬರುವುದಿಲ್ಲ. ಹೇರುಮಣೆಯನ್ನಾದರೆ ಮೇಸ್ತ್ರಿಯ ಮುಂದೆ ಹೇಳಿ ನೋಡಿದೆ. "ಹಾಂ, ತುರಿಯೋ ಮಣೆ ಇದ್ದಂಗೆ" ಅಂದರು. ಅರ್ಥವಾಯಿತು ಅನ್ನುವುದಕ್ಕೆ ಅಷ್ಟು ಸಾಕು. ಆದರೂ ಇದು ನಾನು ಕಟ್ಟಿದ ಪದ. ಎಲ್ಲೋ ಒಂದು ಕಡೆ ಜನ ಆಗಲೇ ಬಳಸುತ್ತಿರುವ ಪದ ಇದ್ದರೆ ಅದಕ್ಕೇ ನನ್ನ ಒಲವು.

ಅಂಥ ಪದ ಸಿಕ್ಕ ಒಂದು ಪ್ರಸಂಗ ಹೇಳುತ್ತೇನೆ. ಹಾಲಿನ ಕ್ಯಾನಿನ ತಳ ದುಂಡಗೆ, ನುಣ್ಣಗೆ. ಸರಳುಗಳ ಮೇಲೆ ಇಟ್ಟರೆ ಪ್ರತಿ ಹಂಪ್‌ಗೂ ಜಾರುತ್ತದೆ, ಕಬ್ಬಿಣಕ್ಕೆ ಬಡಿದು ಗಣಗಣ ಅನ್ನುತ್ತದೆ. ಸ್ಕೂಟರಿನದೇ 10 ಇಂಚಿನ ಹಳೆ ಟ್ಯೂಬೊಂದಕ್ಕೆ ಅರ್ಧ ಗಾಳಿ ತುಂಬಿ, ಸರಳುಗಳಿಗೆ ನಾಲ್ಕು ಕಡೆ ಕಟ್ಟಿ, ಅದರ ನಡುವೆ ಕ್ಯಾನು ಕೂರಿಸಿದೆ. ಅಲ್ಲಾಡಲಿಲ್ಲ. ಅಂಗಳದಲ್ಲಿ ಕೂತು ನೋಡುತ್ತಿದ್ದ ಅಮ್ಮ, "ಸಿಂಬಿ ಚೆನ್ನಾಗಿ ಮಾಡ್ಕಂಡಿದ್ದೀಯ ಕಣಪ್ಪ" ಅಂದರು. ತಲೆಯ ಮೇಲೆ ಕೊಡ ಇಟ್ಟುಕೊಳ್ಳುವಾಗ ಬಟ್ಟೆ ಸುತ್ತಿ ಮಾಡುವ ಸಿಂಬಿ. ನಾನು ಅರ್ಧ ಪುಟ ವಿವರಣೆ ಬರೆದು ಹೆಸರಿಡಲಾಗದೆ ಬಿಟ್ಟಿದ್ದ ವಸ್ತು ಅದು. ಅಮ್ಮನಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ, ಆಕಾರ ಮತ್ತು ಕೆಲಸ ಎರಡೂ ಒಂದೇ ಆದ್ದರಿಂದ ಪದ ತಾನಾಗಿ ಬಂತು. ಈಗ ನಮ್ಮ ಐದಾರು ಜನರಲ್ಲಿ "ಸಿಂಬಿಗೆ ಗಾಳಿ ಹಾಕ್ಸಿದ್ಯಾ?" ಎಂದು ಕೇಳುವುದು ವಾಡಿಕೆಯಾಗಿದೆ.

ಇದೇ ದಾರಿಯಲ್ಲಿ ಇನ್ನೊಂದು ಪದಕ್ಕೆ ಕೈಹಾಕಿದೆ, ಅಲ್ಲಿ ತೊಡಕಾಗಿದೆ. ಹಳೆ ಟಾರ್ಪಾಲಿನಿಂದ ಎರಡು ಬದಿಗೂ ಜೋಲುವ ಜೋಡಿಚೀಲ ಹೊಲಿಸಿ ಸೀಟಿನ ಹಿಂಭಾಗಕ್ಕೆ ಹಾಕಿದ್ದೇನೆ. ಎತ್ತು, ಕತ್ತೆಗಳ ಬೆನ್ನಿಗೆ ಹಾಕುವ ಇಂಥ ಜೋಡಿಚೀಲಕ್ಕೆ ಕಂಟಲೆ ಎಂಬ ಪದವಿದೆ, ಕಂಟ್ಲೆ ಎಂದೂ ಹೇಳುತ್ತಾರೆ. ನನ್ನ ಹೆಂಡತಿಯ ತವರು ಗದಗದ ಕಡೆ. ಅವಳು ನೋಡಿದ ಕೂಡಲೇ "ಇದು ಹಸಿಬಿ ಚೀಲರೀ" ಅಂದಳು. ಅವರ ಅಜ್ಜ ಹೆಗಲ ಮೇಲೆ ಮುಂದಕ್ಕೊಂದು ಹಿಂದಕ್ಕೊಂದು ಬಾಯಿ ಬಿಟ್ಟುಕೊಂಡು ಸಂತೆಗೆ ಒಯ್ಯುತ್ತಿದ್ದ ಚೀಲ ಅದಂತೆ. ಹಾಗಾದರೆ ಕಂಟಲೆ ಪ್ರಾಣಿಯ ಬೆನ್ನಿಗೆ, ಹಸಿಬೆ ಮನುಷ್ಯನ ಹೆಗಲಿಗೆ ಎಂದು ಬೇರ್ಪಡಿಸಬಹುದೇ? ಅಥವಾ ಹಸಿಬೆಯೂ ಎತ್ತಿನ ಮೇಲೆ ಹೋಗುತ್ತಿತ್ತೇ? ಬೀದರ್, ಕಲಬುರಗಿ ಕಡೆಯವರು, ಬಳ್ಳಾರಿಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ಹೇಳಿದರೆ ಉಪಕಾರವಾಗುತ್ತದೆ.

ಇದರ ಬಳಕೆಯಲ್ಲಿ ಒಂದು ಸಂಗತಿ ಇದೆ, ಅರ್ಥಕ್ಕೂ ಅದಕ್ಕೂ ಸಂಬಂಧ ಇದೆ ಅನ್ನಿಸುತ್ತದೆ. ಕಂಟಲೆ ಎಂದರೆ ಎರಡು ಬದಿಯೂ ಸಮತೂಕ ಎಂಬ ಭಾವ ಮನಸ್ಸಿಗೆ ಬರುತ್ತದೆ. ಎತ್ತಿನ ಬೆನ್ನಿಗೆ ಅದೇ ನ್ಯಾಯ. ಚೇತಕ್‌ನಲ್ಲಿ ಎಂಜಿನ್ ಇರುವುದೇ ಬಲಗಡೆ. ಕಿಕ್ ಹೊಡೆಯುವುದೂ ಬಲಗಡೆ, ಹಿಂದಿನ ಬ್ರೇಕ್ ಪೆಡಲ್ಲೂ ಬಲಗಾಲಿಗೆ. ಬಲಬದಿಯ ಚೀಲ ಉದ್ದವಾದರೆ ಕಿಕ್ಕಿಗೆ ಸಿಕ್ಕುತ್ತದೆ, ಎಂಜಿನ್ನಿಗೆ ಗಾಳಿ ಹೋಗುವ ಜಾಗವನ್ನೂ ಮುಚ್ಚುತ್ತದೆ. ಆದ್ದರಿಂದ ನನ್ನ ಜೋಡಿಚೀಲದಲ್ಲಿ ಬಲದ್ದು ಗೇಣುದ್ದ, ಎಡದ್ದು ಮೊಳದುದ್ದ. ಭಾರವೆಲ್ಲ ಎಡಕ್ಕೆ. ಇಷ್ಟು ಒಂದು ಪಕ್ಕ ವಾಲಿದ ಚೀಲಕ್ಕೆ ಕಂಟಲೆ ಎನ್ನಬಹುದೇ ಎಂಬುದು ನನ್ನ ಸಂದೇಹ. ಎಂಜಿನ್ನಿನ ತೂಕ ಸೇರಿಸಿದರೆ ಎರಡೂ ಬದಿ ಹೆಚ್ಚುಕಡಿಮೆ ಸರಿಹೋಗುತ್ತದೆ, ಹಾಗಾಗಿ ಎನ್ನಬಹುದು ಎಂದು ನನ್ನ ವಾದ. ಲ್ಯಾಂಬ್ರೆಟ್ಟಾ ಇಟ್ಟುಕೊಂಡವರಿಗೆ ಈ ಕಷ್ಟವಿಲ್ಲ, ಅದರ ಎಂಜಿನ್ ನಡುವೆ ಇರುತ್ತದೆ.

ಸ್ಟೆಪ್ನಿ, ಡಿಕ್ಕಿ ಎರಡನ್ನೂ ಹಾಗೇ ಉಳಿಸಿಕೊಂಡಿದ್ದೇನೆ. ವೇಲ್ಸ್‌ನ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಮೋಟಾರಿಗೆ ಹೆಚ್ಚುವರಿ ಚಕ್ರ ತಯಾರಿಸಲು ಶುರುಮಾಡಿದರು, ಬೀದಿಯ ಹೆಸರೇ ಚಕ್ರಕ್ಕೆ ಬಂತು. ಇಂಗ್ಲಿಷಿನವರು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಪಂಕ್ಚರ್ ಅಂಗಡಿಯಲ್ಲಿ ಇವತ್ತಿಗೂ ಅದೇ ಮಾತು. ಡಿಕ್ಕಿ ಮೊದಲು ಕುದುರೆಗಾಡಿಯಲ್ಲಿ ಸಾರಥಿಯೋ ಆಳೋ ಕೂರುವ ಪೀಠವಾಗಿತ್ತು. ನಮ್ಮಲ್ಲಿ ಸಾಮಾನಿಡುವ ಜಾಗವಾಯಿತು. ಟಗರು ಹೊಡೆಯುವ ಡಿಕ್ಕಿಗೂ ಇದಕ್ಕೂ ಸಂಬಂಧವಿಲ್ಲ. "ಡಿಕ್ಕೀಲಿ ಇಟ್ಟೆ", "ಡಿಕ್ಕಿ ಹೊಡೆದ" ಎನ್ನುವಾಗ ಯಾರಿಗೂ ಗೊಂದಲವಾಗದು. ಬಳಕೆ ಗಟ್ಟಿಯಾಗಿರುವ ಕಡೆ ಹೊಸ ಪದ ತುರುಕುವುದು ನನಗೆ ಇಷ್ಟವಿಲ್ಲ.

ಟ್ಯೂಬನ್ನು ಉದ್ದುದ್ದ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿಯಿಂದಲೇ ನಾವು ಮೂಟೆ ಬಿಗಿಯುವುದು. ಹಗ್ಗಕ್ಕಿಂತ ಚೆನ್ನಾಗಿ ಕಚ್ಚುತ್ತದೆ, ದಾರಿಯಲ್ಲಿ ಸರಕು ಕುಸಿದರೂ ಸಡಿಲವಾಗುವುದಿಲ್ಲ. ಅದಕ್ಕೆ ಹಗ್ಗ ಎನ್ನಲು ಮನಸ್ಸು ಒಪ್ಪುತ್ತಿಲ್ಲ, ಹಗ್ಗ ಹೊಸೆದದ್ದು. ನೊಗಕ್ಕೆ ಕಟ್ಟುತ್ತಿದ್ದ ತೊಗಲಿನ ಮಿಣಿ ನೆನಪಾಗುತ್ತದೆ. ರಬ್ಬರ್ ಮಿಣಿ ಎಂದು ಬರೆದರೆ ಹಳ್ಳಿಯವರಿಗೆ ಹಿಡಿಸೀತು, ಪೇಟೆಯ ಹುಡುಗರಿಗೆ ಗೊತ್ತಾದೀತೇ?

ಸೀಟಿನ ಮುಂಭಾಗದ ಕೆಳಗೆ ಕೈಚೀಲ ತೂಗುಹಾಕುವ ಕಂಬಿಗೆ ಕೊಕ್ಕೆ ಎಂದಿದ್ದೇನೆ. ಬಾಯಿ ತೆರೆದದ್ದು ಕೊಕ್ಕೆ, ಸರಪಳಿಯಲ್ಲಿರುವ ಹಾಗೆ ಮುಚ್ಚಿಕೊಂಡದ್ದು ಕೊಂಡಿ ಎಂದು ನನ್ನ ತಿಳಿವಳಿಕೆ. ಆದರೆ ಚೇಳಿನ ಕೊಂಡಿ ತೆರೆದೇ ಇರುತ್ತದಲ್ಲ! ಈ ಗೆರೆ ಎಲ್ಲ ಕಡೆಯೂ ಹೀಗೇ ಇದೆಯೇ?

ಇನ್ನೊಂದು ಪದ ನೋವಿನಿಂದಲೇ ಸಿಕ್ಕಿತು. ಮೊದಲ ಚೌಕಟ್ಟು ಹದಿನೈದು ದಿನವೂ ಬಾಳಲಿಲ್ಲ. ಕಾಯಿ ತುಂಬಿದ ಮೂಟೆ ಇಟ್ಟುಕೊಂಡು ಮಂಡಿಗೆ ಹೋಗುವಾಗ ಹಿಂದೆ ಟಕ್ಕೆಂದಿತು. ಅದಕ್ಕೆ ಮೊದಲೇ ಹ್ಯಾಂಡಲ್ ತೀರ ಹಗುರಾಗಿ ಆಡುತ್ತಿತ್ತು. ಭಾರ ಹಿಂದಿನ ಚಕ್ರದ ಅಚ್ಚಿಗಿಂತ ಆಚೆ ಹೋದಷ್ಟೂ ಮುಂದಿನ ಚಕ್ರ ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ಇಳಿದು ನೋಡಿದರೆ ಪಟ್ಟಿ ಆ್ಯಂಗಲ್‌ಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಬಣ್ಣ ಎದ್ದು ಒಳಗಿನ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಮೂಟೆಯನ್ನು ರಸ್ತೆ ಬದಿ ಇಳಿಸಿ, ಆಟೋ ಹಿಡಿದು ಸಾಗಿಸಿದೆ. ಮೇಸ್ತ್ರಿ ನೋಡಿ ಹೇಳಿದ ಮಾತು: "ಬೆಸುಗೆ ಬಿಟ್ಟೈತೆ. ಇಲ್ಲೊಂದು ಕೈ ಇರಬೇಕಿತ್ತು." ವೆಲ್ಡಿಂಗ್ ಎಂದೇ ದಿನವಿಡೀ ಹೇಳುವವರ ಬಾಯಲ್ಲಿ, ಅದು ಮುರಿದಾಗ ಬೆಸುಗೆ ಎಂಬ ಪದ ಬಂತು. ಮೂಲೆಗೆ ಓರೆಯಾಗಿ ಆನಿಸುವ ತುಂಡಿಗೆ ಅವರು ಕೈ ಎನ್ನುತ್ತಾರೆ. ನಾನು ಆನಿಕೆ ಎಂದು ಬರೆದಿದ್ದೆ, ಈಗ ಅದನ್ನು ಹೊಡೆದುಹಾಕಿ ಕೈ ಎಂದು ಮಾಡಿದ್ದೇನೆ. ಆದರೆ ಸೂಚನೆಯಲ್ಲಿ "ಮೂಲೆಗೆ ಕೈ ಕೊಡಿ" ಎಂದು ಬರೆದರೆ ಬೇರೆ ಅರ್ಥ ಬರುತ್ತದೆ. "ಕೈ ಕೂರಿಸಿ" ಎಂದರೆ ಸರಿಯೇ?

ಎರಡನೇ ಸಲ ಚೌಕವನ್ನು ಒಂದು ಗೇಣು ಮುಂದಕ್ಕೆ ತಂದು, ಎರಡು ಕೈ ಕೂರಿಸಿ, ಬೋಲ್ಟಿನ ಅಡಿಗೆಲ್ಲ ಟ್ಯೂಬಿನ ವಾಷರ್ ಹಾಕಿದ್ದಾರೆ. ಆಮೇಲೆ ತೊಂದರೆಯಿಲ್ಲ. ಮೂಟೆಯನ್ನೂ ಅರ್ಧಕ್ಕಿಳಿಸಿ ಎರಡು ಸಲ ಹೋಗುತ್ತೇನೆ. ಗ್ಯಾಸ್ ಸಿಲಿಂಡರನ್ನು ಕಾಲಿನ ನಡುವೆ ಇಟ್ಟುಕೊಂಡು ಹೋಗುವುದನ್ನು ಮಾತ್ರ ನಮ್ಮ ಬರಹದಲ್ಲಿ ಸೇರಿಸಿಲ್ಲ, ಸೇರಿಸುವುದೂ ಇಲ್ಲ. 14.2 ಕೆಜಿ ಅನಿಲದ ಜೊತೆ ಕಬ್ಬಿಣದ ತೂಕವೂ ಸೇರಿ ಮೂವತ್ತು ಕೆಜಿಯ ಹತ್ತಿರ ಹೋಗುತ್ತದೆ, ಬ್ರೇಕ್ ಪೆಡಲ್ಲಿಗೆ ಕಾಲು ಸಿಗುವುದಿಲ್ಲ.

ಮುಂದಿನ ವಾರ ಮೇಸ್ತ್ರಿ ಹಾಲಿನವರೊಬ್ಬರಿಗೆ ಇದೇ ಬಗೆಯ ಇನ್ನೆರಡು ಚೌಕಟ್ಟು ಮಾಡಿಕೊಡುತ್ತಾರಂತೆ. "ಹೆಸರು ಹುಡ್ಕಿದ್ರೆ ಹೇಳಿ ಮೇಷ್ಟ್ರೇ, ಚೀಟೀಲಿ ಅದನ್ನೇ ಬರೀತೀನಿ" ಅಂದಿದ್ದಾರೆ. ಆದ್ದರಿಂದ ಕೇಳುತ್ತಿದ್ದೇನೆ: ನಿಮ್ಮ ಕಡೆ ಸ್ಕೂಟರ್, ಮೊಪೆಡ್‌ಗಳ ಹಿಂದೆ ಸಾಮಾನಿಗೆಂದು ಕಟ್ಟಿಸುವ ಇಂಥದ್ದಕ್ಕೆ ಗ್ಯಾರೇಜಿನವರು, ಹೂವಿನವರು, ಹಾಲಿನವರು ಏನೆನ್ನುತ್ತಾರೆ? ಕೇಳಿದ ಮಾತನ್ನು ಅವರು ಉಚ್ಚರಿಸಿದ ಹಾಗೆಯೇ, ಊರಿನ ಹೆಸರಿನ ಜೊತೆ ಬರೆಯಿರಿ. ಯಾವುದೂ ಇಲ್ಲವಾದರೆ, ಹೇರುಮಣೆ ನಿಮ್ಮ ಬಾಯಿಗೆ ಕೂರುತ್ತದೆಯೇ?