ಪ್ರೊಬೇಷನ್ ಷರತ್ತು ತಪ್ಪಿದರೆ ನೇರವಾಗಿ ಜೈಲೇ?

ಪ್ರಶ್ನೆ: ಹೊಡೆದಾಟದ ಪ್ರಕರಣವೊಂದರಲ್ಲಿ ನನ್ನ ತಮ್ಮ ತಪ್ಪಿತಸ್ಥನೆಂದು ತೀರ್ಮಾನವಾದರೂ, ನ್ಯಾಯಾಲಯವು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 4ನೇ ಕಲಮಿನಡಿ ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಟ್ಟಿತ್ತು. ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ವಿಳಾಸ ಬದಲಾದುದನ್ನು ಪರಿವೀಕ್ಷಣಾಧಿಕಾರಿಗೆ ತಿಳಿಸಲಿಲ್ಲ, ಎರಡು ತಿಂಗಳು ಅವರೆದುರು ಹಾಜರಾಗಲೂ ಇಲ್ಲ. ಈಗ ಅವನಿಗೂ ಜಾಮೀನು ನಿಂತ ನನಗೂ ಸಮನ್ಸ್ ಬಂದಿದೆ. ಹೋದ ಕೂಡಲೇ ಜೈಲಿಗೆ ಕಳುಹಿಸುತ್ತಾರೆಯೇ?

ವಕೀಲರ ಉತ್ತರ: ಹಾಗೆ ಕಳುಹಿಸಲೇಬೇಕೆಂಬ ನಿಯಮವಿಲ್ಲ. 9ನೇ ಕಲಮಿನ ಪ್ರಕಾರ ನ್ಯಾಯಾಲಯ ಮೊದಲೇ ಬಂಧನದ ವಾರಂಟ್ ಹೊರಡಿಸಬಹುದಿತ್ತು. ಸಮನ್ಸ್ ಕಳುಹಿಸಿರುವುದು ನಿಮಗೆ ಒಳ್ಳೆಯದೇ, ಆದ್ದರಿಂದ ಆ ದಿನ ತಪ್ಪದೆ ಹಾಜರಾಗಿ. ವಿಚಾರಣೆ ಮುಗಿಯುವವರೆಗೆ ಅವನನ್ನು ವಶದಲ್ಲಿಡುವ ಅಥವಾ ಜಾಮೀನಿನ ಮೇಲೆ ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಷರತ್ತು ಮುರಿದದ್ದು ಸಾಬೀತಾದರೆ ಎರಡು ದಾರಿಗಳಿವೆ. ಇದು ಮೊದಲ ತಪ್ಪಾಗಿದ್ದರೆ, ಮುಚ್ಚಳಿಕೆಯನ್ನು ಜಾರಿಯಲ್ಲಿಟ್ಟೇ 50 ರೂಪಾಯಿ ಮೀರದ ದಂಡ ಹಾಕಬಹುದು. ಮೊತ್ತ ಚಿಕ್ಕದೆಂದು ಅಸಡ್ಡೆ ಮಾಡಬೇಡಿ, ಗಡುವಿನೊಳಗೆ ಕಟ್ಟದಿದ್ದರೆ ಎರಡನೆಯ ದಾರಿ ತೆರೆದುಕೊಳ್ಳುತ್ತದೆ: ಮೂಲ ಅಪರಾಧಕ್ಕೇ ಶಿಕ್ಷೆ. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಅಂದು ಶಿಕ್ಷೆಯನ್ನು ನಿಗದಿಪಡಿಸಿ ತಡೆಹಿಡಿದಿರಲಿಲ್ಲ, ಶಿಕ್ಷೆಯನ್ನೇ ವಿಧಿಸಿರಲಿಲ್ಲ; ಹಾಗಾಗಿ ಪ್ರಮಾಣ ಈಗ ಹೊಸದಾಗಿ ನಿರ್ಧಾರವಾಗುತ್ತದೆ, ಉದ್ಯೋಗದ ದಾಖಲೆ, ಈ ಅವಧಿಯಲ್ಲಿ ಬೇರೆ ಪ್ರಕರಣವಿಲ್ಲದಿರುವುದು, ಹಾಜರಾಗದ್ದಕ್ಕೆ ನಿಜವಾದ ಕಾರಣ ಎಲ್ಲವನ್ನೂ ನಿಮ್ಮ ವಕೀಲರು ಅಲ್ಲಿ ಮಂಡಿಸಬೇಕು. ಶಿಕ್ಷೆಯಾದರೆ ಇನ್ನೊಂದು ನಷ್ಟವೂ ಇದೆ: ದೋಷನಿರ್ಣಯದಿಂದ ಬರುವ ಅನರ್ಹತೆಗಳಿಂದ 12ನೇ ಕಲಮು ನೀಡುವ ರಕ್ಷಣೆ ಅವನಿಗೆ ದಕ್ಕುವುದಿಲ್ಲ.

ಪ್ರಶ್ನೆ: ಜಾಮೀನುದಾರನಾದ ನನ್ನ ಗತಿ?

ಉತ್ತರ: ತಮ್ಮನ ಶಿಕ್ಷೆಯನ್ನು ನೀವು ಅನುಭವಿಸಬೇಕಿಲ್ಲ, ಹೊಣೆ ಹಣದ್ದು. ಮುಚ್ಚಳಿಕೆ ಮುಟ್ಟುಗೋಲಾದರೆ ಮೊತ್ತವನ್ನು ಏಕೆ ವಸೂಲು ಮಾಡಬಾರದೆಂದು ನಿಮ್ಮಿಂದ ಕಾರಣ ಕೇಳುತ್ತಾರೆ. ಒಂದು ಭಾಗವನ್ನು ಮನ್ನಾ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಅವನು ಊರು ಬಿಟ್ಟದ್ದು ಗೊತ್ತಾದಾಗ ನೀವು ಏನು ಮಾಡಿದಿರೆಂಬುದನ್ನು ಬರೆದಿಟ್ಟುಕೊಳ್ಳಿ.

ಸಮನ್ಸ್‌ ದಿನಕ್ಕಾಗಿ ಕಾಯದೆ ಇಂದೇ ಪರಿವೀಕ್ಷಣಾಧಿಕಾರಿಯನ್ನು ಕಂಡು ಹೊಸ ವಿಳಾಸವನ್ನು ಲಿಖಿತವಾಗಿ ಕೊಡಿ. ಅವರು ಅರ್ಜಿ ಸಲ್ಲಿಸಿದರೆ 8ನೇ ಕಲಮಿನಡಿ ಷರತ್ತುಗಳನ್ನು ಬದಲಿಸಬಹುದು, ಅವಧಿಯನ್ನೂ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಆದರೆ ಒಟ್ಟು ಅವಧಿ ಮೂಲ ಆದೇಶದಿಂದ ಮೂರು ವರ್ಷ ಮೀರಕೂಡದು. ಊರು ಬಿಡುವ ಮೊದಲೇ ಕೇಳಿದ್ದರೆ ಈ ಸಮನ್ಸ್‌ ಬಹುಶಃ ಬರುತ್ತಿರಲಿಲ್ಲ.